ಸಾವಿರ ಮೀಟರ್ ಎತ್ತರದ ಊರಿನಲ್ಲಿ ಸುನಾಮಿ

ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅರಬ್ಬಿ ಸಮುದ್ರದ ನೀರು ಇಲ್ಲಿಗೆ ಬರಬೇಕೆಂದರೆ ಮೊದಲು ಚಾರ್ಮಾಡಿ ಘಾಟಿ ಹತ್ತಬೇಕು. ಹಾಗಿದ್ದೂ ಈ ಊರಿಗೆ ಸುನಾಮಿ ಆಗಾಗ ಬಂದು ಹೋಗುತ್ತದೆ. ಮತ ಎಣಿಕೆಯ ದಿನ ಟಿವಿಯವರು ಗೆದ್ದ ಪಕ್ಷದ ಸುನಾಮಿ ಎಬ್ಬಿಸುತ್ತಾರೆ. ಸಾಲು ರಜೆ ಸಿಕ್ಕಿತೋ, ಮುಳ್ಳಯ್ಯನಗಿರಿಗೆ ಪ್ರವಾಸಿಗರ ಸುನಾಮಿ. ವಿಯೆಟ್ನಾಮಿನ ಕಾಳುಮೆಣಸು ಮಾರುಕಟ್ಟೆಗೆ ಬಂದರೆ ಆಮದಿನ ಸುನಾಮಿ. ಪಕ್ಕದ ಹಾಸನದಲ್ಲಿ ಹಾಸನಾಂಬೆಯ ಗರ್ಭಗುಡಿ ತೆರೆದರೆ ಭಕ್ತರ ಸುನಾಮಿ.

1978ರಲ್ಲಿ ಇಂದಿರಾ ಗಾಂಧಿ ಇಲ್ಲಿಂದ ಲೋಕಸಭೆಯ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರನ್ನು 77,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಊರಿನ ಐ.ಜಿ. ರಸ್ತೆಯ ಹೆಸರಿನಲ್ಲಿ ಅವರು ಈಗಲೂ ಇದ್ದಾರೆ. ಆ ಕಾಲದ ರಾಜಕೀಯಕ್ಕೆ ‘ಅಲೆ’ ಎಂಬ ಮಾತೇ ಧಾರಾಳವಾಗಿ ಸಾಕಾಗುತ್ತಿತ್ತು. 2004ರ ಡಿಸೆಂಬರ್ ಕಳೆದ ಮೇಲೆ ಅಲೆ ಸಪ್ಪೆಯಾಯಿತು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದ ನೀರಿನ ಹೆಸರು ಕೆಲವೇ ವರ್ಷಗಳಲ್ಲಿ ವಿಜಯೋತ್ಸವದ ಪಟಾಕಿಯ ಸದ್ದಿಗೆ ಹೊಂದಿಕೊಂಡಿತು.

ಮಾತುಗಳು ಹೀಗೆ ಜಾರುವುದು ಹೊಸದಲ್ಲ. ಅದಕ್ಕಾಗಿ ಯಾರನ್ನೂ ಗಲ್ಲಿಗೇರಿಸಬೇಕಾಗಿಲ್ಲ. ಆದರೆ ವಿಪತ್ತಿನ ಹೆಸರಿಗೆ ಬೇರೆ ಮಾತುಗಳಿಗಿಲ್ಲದ ಒಂದು ಕೆಲಸವಿದೆ. ಅದು ಕಿವಿಗೆ ಬಿದ್ದ ಕೂಡಲೇ ಕಾಲು ಏಳಬೇಕು. ಜಪಾನಿನ ಮೀನುಗಾರರ ಈ ಮಾತು ಜಗತ್ತಿನ ನಾಲಿಗೆಗಳ ಮೇಲೆ ಕುಳಿತ ಕಥೆಯಲ್ಲಿ, ಆ ಕೆಲಸ ಎಲ್ಲಿ ನಡೆಯಿತು, ಎಲ್ಲಿ ನಡೆಯಲಿಲ್ಲ ಎಂಬುದೇ ಮುಖ್ಯ. ಪ್ರತಿ ಮಳೆಗಾಲದಲ್ಲೂ ಗುಡ್ಡ ಜರಿಯುವ ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಆ ಕಥೆ ಸಂಬಂಧವಿಲ್ಲದ್ದೇನಲ್ಲ.

ಜಪಾನಿ ಭಾಷೆಯಲ್ಲಿ ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಬಂದರಿನ ಅಲೆ, ಅಷ್ಟೇ. ಅಷ್ಟು ದೊಡ್ಡ ಅನಾಹುತಕ್ಕೆ ಇಷ್ಟು ಸಪ್ಪೆ ಹೆಸರೇಕೆ ಎಂದು ಮೊದಲು ಅನ್ನಿಸುತ್ತದೆ. ಉತ್ತರ ಸಮುದ್ರದ ಆಳದಲ್ಲಿದೆ. ನಾಲ್ಕು ಸಾವಿರ ಮೀಟರ್ ಆಳದ ನೀರಿನಲ್ಲಿ ಈ ಅಲೆ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಆದರೆ ಅಲ್ಲಿ ಅದರ ಎತ್ತರ ಸಾಮಾನ್ಯವಾಗಿ ಒಂದು ಮೀಟರನ್ನೂ ಮುಟ್ಟುವುದಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ನೂರಾರು ಕಿಲೋಮೀಟರ್ ಹರಡಿಕೊಂಡಿರುತ್ತದೆ. ದೋಣಿಯಲ್ಲಿ ಬಲೆ ಎಳೆಯುವವನ ಕೆಳಗೇ ಹಾದುಹೋದರೂ ಅವನಿಗೆ ತಿಳಿಯದು. ದಡ ಸಮೀಪಿಸಿ ಆಳ ಕಡಿಮೆಯಾದಂತೆ ವೇಗ ಕುಗ್ಗುತ್ತದೆ, ಹಿಂದಿನ ನೀರು ಮುಂದಿನ ನೀರಿನ ಮೇಲೆ ಬಂದು ಒಟ್ಟುತ್ತದೆ, ಎತ್ತರ ಏರುತ್ತದೆ. 1896ರ ಜೂನ್ 15ರ ಸಂಜೆ ಈಶಾನ್ಯ ಜಪಾನಿನ ಸನ್ರಿಕು ಕರಾವಳಿಯಲ್ಲಿ ಆದದ್ದು ಇದೇ. ನೆಲ ನಡುಗಿದ್ದು ಅಲ್ಪ, ಸತ್ತವರು ಸುಮಾರು 22,000. ದೂರ ಸಮುದ್ರಕ್ಕೆ ಹೋಗಿದ್ದ ಮೀನುಗಾರರಿಗೆ ರಾತ್ರಿಯಿಡೀ ಏನೂ ಗೊತ್ತಾಗಲಿಲ್ಲ. ಮರುದಿನ ಮರಳಿ ಬಂದಾಗ ಊರೇ ಇರಲಿಲ್ಲ. ಅವರ ಪಾಲಿಗೆ ಆ ಅಲೆ ಎದ್ದದ್ದು ಬಂದರಿನಲ್ಲೇ.

ಮಾತು ಅದಕ್ಕಿಂತ ಹಳೆಯದು. ಅದೇ ಸನ್ರಿಕು ಕರಾವಳಿಯನ್ನು 1611ರಲ್ಲಿ ನುಂಗಿದ ಅಲೆಯ ಬಗ್ಗೆ ಬರೆದಿಟ್ಟ ದಾಖಲೆಯಲ್ಲಿ ಅದು ಸಿಗುತ್ತದೆ. ಇಂಗ್ಲಿಷ್ ಓದುಗರ ಕಣ್ಣಿಗೆ ಬಿದ್ದದ್ದು 1896ರ ದುರಂತದ ಬಗ್ಗೆ ಅಮೆರಿಕದ ಲೇಖಕಿ ಎಲಿಜಾ ಸಿಡ್‌ಮೋರ್ ಅದೇ ವರ್ಷ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಗೆ ಬರೆದಾಗ. ಆದರೂ ಮುಂದಿನ ಐವತ್ತು ವರ್ಷ ಅದು ಪರದೇಶದ ಕೌತುಕದ ಮಾತಾಗಿಯೇ ಉಳಿಯಿತು. ಅದನ್ನು ನಿತ್ಯದ ಮಾತಾಗಿ ಮಾಡಿದ್ದು ಹವಾಯಿ. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯಲು ಹೋದ ಜಪಾನಿ ಕುಟುಂಬಗಳು ಹಿಲೋ ಎಂಬ ಊರಿನ ದಡದಲ್ಲೇ ಕೇರಿ ಕಟ್ಟಿಕೊಂಡಿದ್ದವು. 1946ರ ಏಪ್ರಿಲ್ 1ರ ಬೆಳಗ್ಗೆ ಅಲಾಸ್ಕದ ಅಲ್ಯೂಶಿಯನ್ ದ್ವೀಪಗಳ ಬಳಿ ನಡುಗಿದ ನೆಲ ಕಳುಹಿಸಿದ ನೀರು ಹವಾಯಿಯಲ್ಲಿ 159 ಜನರನ್ನು ಕೊಂದಿತು. ಏಪ್ರಿಲ್ ಒಂದರ ತಮಾಷೆ ಎಂದುಕೊಂಡು ಓಡದೆ ನಿಂತವರೂ ಅವರಲ್ಲಿದ್ದರು. 1949ರಲ್ಲಿ ಅಲ್ಲಿಯೇ ಎಚ್ಚರಿಕೆ ಕೇಂದ್ರ ಹುಟ್ಟಿತು. 1960ರಲ್ಲಿ ಚಿಲಿಯ ಮಹಾಭೂಕಂಪದ ಅಲೆ ಶಾಂತಸಾಗರವನ್ನೇ ದಾಟಿ ಹಿಲೋವನ್ನೂ ಜಪಾನನ್ನೂ ಬಡಿದ ಮೇಲೆ ಯುನೆಸ್ಕೊ ಆಶ್ರಯದಲ್ಲಿ ದೇಶಗಳು ಒಟ್ಟುಗೂಡಿದವು. ಇಂಗ್ಲಿಷಿನವರು ಅದುವರೆಗೆ ಹೇಳುತ್ತಿದ್ದ ಮಾತು ಉಬ್ಬರವಿಳಿತದ ಅಲೆ ಎಂಬ ಅರ್ಥ ಕೊಡುತ್ತಿತ್ತು. ಚಂದ್ರನಿಗೂ ಈ ಅಲೆಗೂ ಯಾವ ಸಂಬಂಧವೂ ಇಲ್ಲವಾದ್ದರಿಂದ ವಿಜ್ಞಾನಿಗಳಿಗೆ ಅದು ಇರುಸುಮುರುಸು. ಬಂದರಿನ ಅಲೆ ಎನ್ನುವುದೂ ಶುದ್ಧ ವಿಜ್ಞಾನವೇನಲ್ಲ, ಆದರೆ ಜಪಾನಿ ಬಾರದವರಿಗೆ ಆ ಅರ್ಥ ಕಾಣದೆ ಇರುವುದೇ ಅನುಕೂಲವಾಯಿತು.

ಹೀಗೆ ಹೊರಟ ಮಾತನ್ನು ಎಲ್ಲರೂ ಒಂದೇ ರೀತಿ ಬರಮಾಡಿಕೊಳ್ಳಲಿಲ್ಲ. ರಷ್ಯನ್ನರಿಗೆ ‘ತ್ಸ’ ಧ್ವನಿಗೆ ಒಂದೇ ಅಕ್ಷರವಿದೆ, ಹಾಗಾಗಿ ಉಚ್ಚಾರಣೆ ಸಲೀಸು. ಆದರೆ ಅವರ ವ್ಯಾಕರಣದಲ್ಲಿ ಆ ಪದ ಯಾವ ವಿಭಕ್ತಿ ಪ್ರತ್ಯಯವನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸ್ಪ್ಯಾನಿಷ್ ಮತ್ತು ಇಟಾಲಿಯನ್ ಮಾತಾಡುವವರ ಬಳಿ ‘ಮಾರೆಮೋಟೊ’ ಇತ್ತು, ಕಡಲು ನಡುಗುವುದು ಎಂಬ ಅರ್ಥದ್ದು. ಈಗ ಎರಡೂ ಬಳಕೆಯಲ್ಲಿವೆ. ವಿಯೆಟ್ನಾಮಿನವರು ‘ಸೊಂಗ್ ಥನ್’ ಎನ್ನುತ್ತಾರೆ, ದೇವರ ಅಲೆ. ಸೋಜಿಗವೆಂದರೆ ಚೀನಾ. ಜಪಾನಿಗರು ಸುನಾಮಿ ಬರೆಯುವ ಎರಡು ಲಿಪಿಚಿಹ್ನೆಗಳೂ ಮೂಲದಲ್ಲಿ ಚೀನೀಯರವೇ. ಆದರೂ ಚೀನೀಯರು ಅವನ್ನು ಮುಟ್ಟದೆ ‘ಹಾಯ್‌ಶಿಯಾವ್’, ಕಡಲಿನ ಗರ್ಜನೆ, ಎಂಬ ತಮ್ಮ ಮಾತನ್ನೇ ಇಟ್ಟುಕೊಂಡರು. ಕೊರಿಯನ್ನರದ್ದು ‘ಹೇಇಲ್’, ಕಡಲು ಉಕ್ಕುವುದು. ಅದು ಚಂಡಮಾರುತದ ನೀರಿಗೂ ಸಲ್ಲುತ್ತದೆ. ತಮಿಳರು ‘ಆಳಿಪ್ಪೇರಲೈ’ ಎಂದು ಟಂಕಿಸಿದರು. ಊರುಗಳನ್ನು ಕಡಲು ಕೊಂಡುಹೋದುದಕ್ಕೆ ‘ಕಡಲ್ಕೋಳ್’ ಎಂಬ ಹಳೆಯ ಮಾತೂ ಅವರಲ್ಲಿದೆ. ಆದರೆ ನಾಗಪಟ್ಟಿಣದ ಬೀದಿಯಲ್ಲಿ ಇವತ್ತು ಕೇಳುವುದು ‘ಸುನಾಮಿ’ಯೇ.

ಕನ್ನಡದಲ್ಲಿ ಪತ್ರಿಕೆಗಳು ‘ರಕ್ಕಸ ಅಲೆ’ ಎಂದು ತಲೆಬರಹ ಕೊಡುತ್ತವೆ, ಮೈಬರಹಕ್ಕೆ ಬಂದರೆ ಸುನಾಮಿ. ‘ಹೆದ್ದೆರೆ’ ಎಂಬ ಸೊಗಸಾದ ಮಾತು ನಿಘಂಟಿನಲ್ಲಿದೆ. ಯಾರೂ ಕರೆಯದ್ದರಿಂದ ಅಲ್ಲೇ ಕುಳಿತಿದೆ. ಪದದ ಮೊದಲಲ್ಲಿ ‘ತ್ಸ’ ನಮಗೆ ಒಗ್ಗದ್ದು, ಕತ್ತಿಯ ಹಿಡಿಗೆ ಹೇಳುವ ‘ತ್ಸರು’ವಿನಂಥ ಅಪರೂಪದ ಸಂಸ್ಕೃತ ಪದಗಳಲ್ಲಿ ಮಾತ್ರ ಸಿಗುತ್ತದೆ. ಅದನ್ನು ಉದುರಿಸಿದೊಡನೆ ಮಿಕ್ಕದ್ದು ಸ್ವರದಲ್ಲೇ ಮುಗಿಯುವ, ನಮ್ಮದೇ ಎನ್ನಿಸುವ ಪದ. ಸುನಾಮಿಯಿಂದ, ಸುನಾಮಿಗೆ, ಸುನಾಮಿಯಲ್ಲಿ ಎಂದು ಸ್ವಾಮಿಯ ಹಾಗೆಯೇ ಎಲ್ಲ ವಿಭಕ್ತಿಗೂ ಬಗ್ಗುತ್ತದೆ. ಮೊದಲಲ್ಲೊಂದು ‘ಸು’ ಬೇರೆ. ಒಳ್ಳೆಯ ಹೆಸರುಳ್ಳದ್ದು ಎಂದು ಸಂಸ್ಕೃತ ಬಲ್ಲವರು ನಗುವುದಕ್ಕೂ ಆಯಿತು. ಇಷ್ಟು ಸುಲಭವಾಗಿ ಒಳಗೆ ಬಂದ ಮಾತಿನ ಮೇಲೆ ನನಗೆ ಮುನಿಸಿಲ್ಲ. ಅದನ್ನು ಹೊರಗೆ ಹಾಕಿ ಅಚ್ಚಗನ್ನಡದ ಪದವನ್ನು ಕೂರಿಸಬೇಕೆಂಬ ವಾದದಲ್ಲಿ ಹುರುಳೂ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆ, ಮಾತಿನ ಜೊತೆಗೆ ಏನು ಬಂತು ಎಂಬುದು.

2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ನೆಲ ನಡುಗಿದಾಗ ನಮ್ಮ ಗಡಿಯಾರದಲ್ಲಿ ಬೆಳಗ್ಗೆ 6 ಗಂಟೆ 29 ನಿಮಿಷ. ತಮಿಳುನಾಡಿನ ಕರಾವಳಿಯನ್ನು ನೀರು ಮುಟ್ಟಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಆ ಎರಡು ಗಂಟೆಯನ್ನು ತುಂಬುವ ಒಂದು ಮಾತು ದಡದಲ್ಲಿರಲಿಲ್ಲ. ಕಡಲು ಹಿಂದೆ ಸರಿದು ಮರಳು ಬತ್ತಲಾದ ಕಡೆಗಳಲ್ಲಿ ಜನ ಮೀನು ಆಯಲು, ನೋಡಲು ಮುಂದೆ ಹೋದರು. ಹದಿನಾಲ್ಕು ದೇಶಗಳಲ್ಲಿ ಸತ್ತವರು ಸುಮಾರು 2.27 ಲಕ್ಷ.

ಅದೇ ಹೊತ್ತಿಗೆ ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರವಿದ್ದ ಸಿಮುಲು ಎಂಬ ಇಂಡೊನೇಷ್ಯದ ದ್ವೀಪದಲ್ಲಿ ಸುಮಾರು 78,000 ಜನರಿದ್ದರು. ಅಲೆ ಕೆಲವೇ ನಿಮಿಷಗಳಲ್ಲಿ ಬಂತು. ಸತ್ತವರು ಏಳು ಮಂದಿ. ಅಲ್ಲಿ ಯಂತ್ರವಿರಲಿಲ್ಲ, ‘ಸ್ಮೊಂಗ್’ ಎಂಬ ಮಾತಿತ್ತು. 1907ರಲ್ಲಿ ಅದೇ ದ್ವೀಪವನ್ನು ಕೊಚ್ಚಿದ ಅಲೆಯ ನಂತರ ಅಜ್ಜಿಯರು ಅದನ್ನು ಕಥೆಯಲ್ಲಿ, ಜೋಗುಳದಲ್ಲಿ ಮೊಮ್ಮಕ್ಕಳಿಗೆ ದಾಟಿಸುತ್ತ ಬಂದಿದ್ದರು: ನೆಲ ಜೋರಾಗಿ ಅಲುಗಿ ಕಡಲು ಹಿಂದೆ ಸರಿದರೆ ಏನನ್ನೂ ಹುಡುಕುತ್ತ ನಿಲ್ಲದೆ ಗುಡ್ಡಕ್ಕೆ ಓಡು. ಸ್ಮೊಂಗ್ ಎಂದು ಯಾರೋ ಕೂಗಿದರೆ ಈ ಇಡೀ ಕಥೆ ಒಂದೇ ಉಸಿರಿನಲ್ಲಿ ಕೇಳಿಸುತ್ತದೆ. ಜಗತ್ತಿಗೆಲ್ಲ ಹರಡಿದ ಜಪಾನಿ ಮಾತಿಗೆ ಆ ದಿನ ಇಲ್ಲದ ಬಲ, ಒಂದು ದ್ವೀಪದ ಗಡಿ ದಾಟದ ಮಾತಿಗಿತ್ತು.

ಜಪಾನಿಗೂ ಇದು ತಿಳಿಯದ್ದಲ್ಲ. 2011ರ ಮಾರ್ಚ್ 11ರಂದು ನೆಲ ನಡುಗಿದ ಮೂರೇ ನಿಮಿಷದಲ್ಲಿ ಅಲ್ಲಿನ ಹವಾಮಾನ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಮೊದಲ ಅಂದಾಜಿನಲ್ಲಿ ಇವಾತೆ ಪ್ರಾಂತ್ಯಕ್ಕೆ ಹೇಳಿದ್ದು 3 ಮೀಟರ್ ಎಂದು. ಮೂರೇ ಮೀಟರ್ ತಾನೆ, ತಡೆಗೋಡೆ ಇದೆಯಲ್ಲ ಎಂದುಕೊಂಡು ಉಳಿದವರಿದ್ದರು. ಬಂದ ನೀರು ಅದರ ಎಷ್ಟೋ ಪಟ್ಟು ಎತ್ತರದ್ದು. ಆಮೇಲೆ ಜಪಾನಿಗರು ತಮ್ಮ ಮಾತನ್ನೇ ದುರಸ್ತಿ ಮಾಡಿಕೊಂಡರು. 2013ರಿಂದ ಮಹಾಭೂಕಂಪದ ಮೊದಲ ಎಚ್ಚರಿಕೆಯಲ್ಲಿ ಮೀಟರಿನ ಲೆಕ್ಕ ಬಿಟ್ಟು ‘ದೈತ್ಯ’ ಎಂದಷ್ಟೇ ಹೇಳುವ ಪದ್ಧತಿ ಬಂತು. 2024ರ ಜನವರಿ 1ರಂದು ನೋಟೊ ಪರ್ಯಾಯ ದ್ವೀಪ ನಡುಗಿದಾಗ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ನಿರೂಪಕಿ ಎಂದಿನ ಮೆಲುದನಿ ಬಿಟ್ಟು, ಈಗಲೇ ಓಡಿ ಎಂದು ಗದರಿಸುವ ದನಿಯಲ್ಲಿ ಕೂಗಿದರು. ತೆರೆಯ ಮೇಲೆ ‘ತ್ಸುನಾಮಿ! ಓಡಿ!’ ಎಂಬ ಎರಡು ಮಾತು, ಅದೂ ಕಷ್ಟದ ಚೀನೀ ಲಿಪಿಯಲ್ಲಿ ಅಲ್ಲ, ಒಂದನೇ ತರಗತಿಯ ಮಗುವೂ ಓದುವ ಅಕ್ಷರದಲ್ಲಿ. ತಾವೇ ಜಗತ್ತಿಗೆ ಕೊಟ್ಟ ಪದವನ್ನು ಅವರು ಮತ್ತೊಮ್ಮೆ ಮಕ್ಕಳ ಕಾಗುಣಿತಕ್ಕೆ ಇಳಿಸಿದರು.

ಇಂಥದ್ದೇ ಇನ್ನೊಂದು ಮಾತು ನಮ್ಮ ಪಕ್ಕದ ಮನೆಯಿಂದಲೇ ಹೊರಟಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ, ಇಲ್ಲಿ ಗಾಳಿಯೂ ಇಲ್ಲದ, ಮೋಡವೂ ಇಲ್ಲದ ಹೊತ್ತಿನಲ್ಲಿ ಕೇರಳದ ದಡದ ಮನೆಗಳಿಗೆ ನುಗ್ಗುತ್ತವೆ. ಅಲ್ಲಿನ ಮೀನುಗಾರರು ಅದನ್ನು ‘ಕಳ್ಳಕ್ಕಡಲ್’ ಎಂದರು. 2012ರಲ್ಲಿ ಯುನೆಸ್ಕೊ ಆ ಮಾತನ್ನು ವಿಜ್ಞಾನದ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರವನ್ನು 2007ರಿಂದ ನಡೆಸುತ್ತಿರುವ ಇಂಕಾಯ್ಸ್ ಸಂಸ್ಥೆ ಈಗ ಅದೇ ಹೆಸರಿನಲ್ಲಿ ಎಚ್ಚರಿಕೆ ಕೊಡುತ್ತದೆ. ಕಳ್ಳನೂ ಕಡಲೂ ನಮ್ಮವೇ ಆದ್ದರಿಂದ ಕನ್ನಡಿಗನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗುಡ್ಡದ ಮಾತು. ಜಪಾನಿ ಭಾಷೆಯಲ್ಲಿ ‘ಯಾಮಾ ತ್ಸುನಾಮಿ’ ಎಂದೊಂದು ಪದವಿದೆ, ಬೆಟ್ಟದ ಸುನಾಮಿ. ಮಣ್ಣು, ಬಂಡೆ, ಮರ, ನೀರು ಒಂದಾಗಿ ಕಣಿವೆಗೆ ನುಗ್ಗುವುದಕ್ಕೆ ಆ ಹೆಸರು. ಜಗತ್ತು ಕಡಲಿನ ಸುನಾಮಿಯನ್ನು ಒಯ್ದು ಬೆಟ್ಟದ್ದನ್ನು ಅಲ್ಲೇ ಬಿಟ್ಟು ಬಂತು. ನಮಗೆ ಬೇಕಾಗಿದ್ದದ್ದು ಅದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯ ಕಾಫಿ ತೋಟಗಳನ್ನೂ ಗದ್ದೆಗಳನ್ನೂ ಕೆಸರು ಹೊದ್ದು ಮಲಗಿಸಿದ್ದು ಅದೇ. 2024ರ ಜುಲೈನಲ್ಲಿ ಸಕಲೇಶಪುರದ ದೋಣಿಗಾಲ್ ಬಳಿ ಹೆದ್ದಾರಿ ಮೇಲೆ, ಯಡಕುಮೇರಿ ಬಳಿ ರೈಲು ಹಳಿ ಕೆಳಗೆ ಜರಿದದ್ದು ಅದರ ತಮ್ಮಂದಿರು.

ಅದೇ ತಿಂಗಳ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ನದಿಯ ನೀರು ಎದ್ದು ಎದುರು ದಡದ ಉಳುವರೆ ಊರಿನ ಮನೆಗಳನ್ನು ಕೆಡವಿತು. ಭೂಕುಸಿತ ನೀರಿಗೆ ಬಿದ್ದು ಏಳಿಸುವ ಅಲೆಯೂ ವಿಜ್ಞಾನದ ಲೆಕ್ಕದಲ್ಲಿ ಸುನಾಮಿಯ ಜಾತಿಯದೇ. 1963ರಲ್ಲಿ ಇಟಲಿಯ ವಯೊಂಟ್ ಜಲಾಶಯಕ್ಕೆ ಗುಡ್ಡ ಜಾರಿ ಸುಮಾರು 2,000 ಜನ ಸತ್ತದ್ದು ಹೀಗೆಯೇ, ಕಡಲಿನಿಂದ ದೂರದ ಬೆಟ್ಟಗಳ ನಡುವೆ. ವರ್ಷಗಳ ಕಾಲ ಮತಗಳಿಗೆ, ಜನಜಂಗುಳಿಗೆ ಆ ಮಾತನ್ನು ಸವೆಸಿದ ಮೇಲೆ, ಕರ್ನಾಟಕದ ನೆಲದಲ್ಲಿ ನಿಜವಾಗಿ ಸಲ್ಲುವ ಜಾಗ ಬಂದಾಗ ಅದು ಬರೀ ಉತ್ಪ್ರೇಕ್ಷೆಯಂತೆ ಕೇಳಿಸಿತು. ಸುನಾಮಿಯಂತೆ ನೀರು ಬಂತು ಎಂದರೆ ಓದುಗ ಹೋಲಿಕೆ ಎಂದೇ ಓದಿಕೊಂಡ.

2018ರ ಕೊಡಗಿನ ದುರಂತದ ಹೊತ್ತಿಗೆ ಪತ್ರಿಕೆಗಳು ‘ಜಲಸ್ಫೋಟ’ವನ್ನು ಚಲಾವಣೆಗೆ ತಂದವು. ನನಗೆ ಈ ಪದದ ಮೇಲೆ ಒಳ್ಳೆಯ ಅಭಿಪ್ರಾಯವಿಲ್ಲ. ಸ್ಫೋಟ ಎಂದೊಡನೆ ಯಾರ ಕೈವಾಡವೂ ಇಲ್ಲದೆ ಗುಡ್ಡ ತಾನಾಗಿ ಸಿಡಿದಂತೆ ಆಗುತ್ತದೆ. ರಸ್ತೆಗೋ ಹೋಂಸ್ಟೇಗೋ ಧರೆಯನ್ನು ಗೋಡೆಯ ಹಾಗೆ ನೇರ ಕಡಿದ ಯಂತ್ರ ಆ ಪದದಲ್ಲಿ ಕಾಣುವುದಿಲ್ಲ. ಮಲೆನಾಡಿನವರು ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತು ಹಾಗಿಲ್ಲ. ‘ಜಲ ಎದ್ದಿದೆ’ ಎನ್ನುತ್ತಾರೆ: ಮಳೆ ಹಿಡಿದು ಹತ್ತು ಹದಿನೈದು ದಿನವಾದಾಗ ಅಡುಗೆಮನೆಯ ನೆಲದಲ್ಲಿ, ಹಿತ್ತಿಲ ಧರೆಯ ಬುಡದಲ್ಲಿ ನೀರು ಜಿನುಗುವುದು. ಜಲ ಎದ್ದದ್ದಕ್ಕೇ ಯಾರೂ ಹೆದರುವುದಿಲ್ಲ, ಅದು ಪ್ರತಿ ವರ್ಷದ ಮಾತು. ಆದರೆ ಎಂದೂ ಇಲ್ಲದ ಜಾಗದಲ್ಲಿ ಎದ್ದರೆ, ತಿಳಿಯಾಗಿದ್ದದ್ದು ಕೆಂಪಗಾದರೆ, ಅಂಗಳ ಅಡ್ಡಕ್ಕೆ ಬಾಯಿ ಬಿಟ್ಟರೆ, ಬಾಗಿಲು ಚೌಕಟ್ಟಿಗೆ ಕೂರದೆ ಹೋದರೆ ಹಿರಿಯರು ಮೇಲಕ್ಕೆ ನೋಡುತ್ತಾರೆ. ಎಲ್ಲಕ್ಕಿಂತ ಕೆಟ್ಟ ಸೂಚನೆ, ಎಡೆಬಿಡದ ಮಳೆಯ ನಡುವೆ ಮನೆಯ ಪಕ್ಕದ ಹಳ್ಳ ಇದ್ದಕ್ಕಿದ್ದಂತೆ ಸೊರಗುವುದು. ಮೇಲೆಲ್ಲೋ ಮಣ್ಣು ಜಾರಿ ನೀರನ್ನು ಕಟ್ಟಿದೆ, ಕಟ್ಟೆ ಒಡೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ ಎಂದು ಅರ್ಥ. ಸಿಮುಲುವಿನ ಅಜ್ಜಿ ಕಡಲಿನ ಬಗ್ಗೆ ಹೇಳಿದ್ದು ಇದನ್ನೇ. ನೀರು ಹಿಂದೆ ಸರಿದಾಗ ನೋಡುತ್ತ ನಿಲ್ಲಬಾರದು.

ಇದರ ಎದುರಿಗೆ ನಮ್ಮ ಅಧಿಕೃತ ಎಚ್ಚರಿಕೆಯ ಭಾಷೆ ಹೇಗಿದೆ? ಹಳದಿ, ಕಿತ್ತಳೆ, ಕೆಂಪು. ಒಂದು ದಿನದಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಬೀಳುವುದನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅಂಥ ನಿರೀಕ್ಷೆಯಿದ್ದಾಗ ರೆಡ್ ಅಲರ್ಟ್. ಲೆಕ್ಕ ಸರಿಯಾಗಿಯೇ ಇದೆ. ಆದರೆ ಜಿಲ್ಲೆಗೆಲ್ಲ ಒಂದೇ ಬಣ್ಣ. ಕೊಟ್ಟಿಗೆಹಾರದಲ್ಲಿ ಆಕಾಶ ಕಳಚಿ ಬೀಳುವಾಗ ಕಡೂರಿನಲ್ಲಿ ರಸ್ತೆ ಒದ್ದೆಯಾಗದ ದಿನಗಳೂ ಇರುತ್ತವೆ. ಹಾಗಾಗಿ ಜೂನ್ ಕಳೆಯುವಷ್ಟರಲ್ಲಿ ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎಂದಷ್ಟೇ ಅರ್ಥ ಉಳಿಯುತ್ತದೆ. ಮಕ್ಕಳು ಕಾಯುವುದು ಜಿಲ್ಲಾಧಿಕಾರಿಯ ಆದೇಶವನ್ನು, ಮಳೆಯನ್ನಲ್ಲ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲುಗಳೆಲ್ಲ ಪರೀಕ್ಷಾರ್ಥ ತುರ್ತು ಸಂದೇಶಕ್ಕೆ ಒಮ್ಮೆಲೇ ಚೀರಿದವು. ತಂತ್ರಜ್ಞಾನ ಸಿದ್ಧವಾಗಿದೆ ಎಂದು ಆಗ ಗೊತ್ತಾಯಿತು. ಚೀರಿದ ಮೇಲೆ ಏನು ಹೇಳಬೇಕು ಎಂಬುದು ಇನ್ನೂ ಬಾಕಿ ಇದೆ.

ಮಾದರಿ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಆಲೂರು, ಸಕಲೇಶಪುರದ ಕಡೆ ಅರಣ್ಯ ಇಲಾಖೆ ಕಾಡಾನೆಗಳ ಸುಳಿವನ್ನು ಮೊಬೈಲ್ ಸಂದೇಶದಲ್ಲಿ, ರಸ್ತೆ ಬದಿಯ ಫಲಕದಲ್ಲಿ ತಿಳಿಸುತ್ತದೆ. ಅದರಲ್ಲಿ ಬಣ್ಣವಿಲ್ಲ, ವಿಶೇಷಣವಿಲ್ಲ. ಆನೆ ಎಲ್ಲಿದೆ ಎಂಬುದಿದೆ. ಆ ತೋಟದ ಕೆಲಸಕ್ಕೆ ಹೊರಟವರು ಅಂದು ದಾರಿ ಬದಲಿಸುತ್ತಾರೆ. ಆನೆಯ ಹಾವಳಿ ಇದರಿಂದ ತೀರಿತು ಎಂದು ಹೇಳುತ್ತಿಲ್ಲ. ಸಂದೇಶ ಓದಿದವನಿಗೆ ಮುಂದೇನು ಮಾಡಬೇಕೆಂಬ ಗೊಂದಲವಂತೂ ಇರುವುದಿಲ್ಲ.

ಗುಡ್ಡಕ್ಕೂ ಇದು ಅಸಾಧ್ಯವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳುಹಿಸುತ್ತವೆ. ಅಂಕಿ ಅಲ್ಲಿದೆ, ಮಾತು ಇಲ್ಲಿದೆ. ಎರಡನ್ನೂ ಹೊಲಿಯಬಲ್ಲವನು ಪಂಚಾಯಿತಿಯ ನೀರುಗಂಟಿ. ದಿನಾ ಬೆಳಗ್ಗೆ ಗುಡ್ಡದ ಒರತೆಯ ಬಳಿ ಹೋಗಿ ಪೈಪಿನ ಬಾಯಿಗೆ ಸಿಕ್ಕಿದ ಎಲೆ ತೆಗೆಯುವವನು ಅವನು. ನೀರು ಕೆಂಪಗಾದದ್ದು, ಹರಿವು ತಗ್ಗಿದ್ದು ತಹಶೀಲ್ದಾರರಿಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತದೆ. ಅವನ ಫೋನನ್ನು ಎತ್ತಿಕೊಳ್ಳುವ ಒಂದು ಸಂಖ್ಯೆ ಜಿಲ್ಲಾ ಕಚೇರಿಯಲ್ಲಿರಬೇಕು, ಅಲ್ಲಿಂದ ಆ ಊರಿನ ಮೊಬೈಲುಗಳಿಗಷ್ಟೇ ಮೂರು ಸಾಲು ಹೋಗಬೇಕು: ನಿಮ್ಮ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದಿದೆ. ಧರೆಯ ಕೆಳಗಿನ ಮನೆಯವರು ಈಗಲೇ ಶಾಲೆಯ ಕಟ್ಟಡಕ್ಕೆ ಬನ್ನಿ. ದನಗಳ ಹಗ್ಗ ಬಿಚ್ಚಿ, ಬೇರೇನನ್ನೂ ತೆಗೆದುಕೊಳ್ಳಲು ನಿಲ್ಲಬೇಡಿ.